ಖಾಲಿ ಕ್ಯಾನಿನಲ್ಲಿ ಟೀ ಕಾಯಿಸುವ ಲೆಕ್ಕ

(ಬೆಂಗಳೂರಿನಲ್ಲಿ ಚಾರಣದ ಹುಚ್ಚಿರುವ ಒಂದು ಸಣ್ಣ ಗುಂಪಿನ ಮುಂದೆ ಆಡಿದ ಮಾತುಗಳ ಬರಹ ರೂಪ. ನಡುನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ. ತಂಪು ಪಾನೀಯದ ಈ ಕ್ಯಾನನ್ನು ಕೈಯಿಂದ ಕೈಗೆ ದಾಟಿಸಿ. ಖಾಲಿ ಇದೆ, ಆಸೆ ಬೇಡ. ಮೊದಲು ಬದಿಯನ್ನು ಬೆರಳಿನಿಂದ ಒತ್ತಿ ನೋಡಿ, ಆಮೇಲೆ ತಳವನ್ನು ಒತ್ತಿ ನೋಡಿ. ಬದಿ ಸುಲಭವಾಗಿ ಒಳಗೆ ಹೋಗುತ್ತದೆ. ತಳ ಜಗ್ಗುವುದಿಲ್ಲ. ಬದಿಯ ತಗಡು ಹೆಚ್ಚುಕಡಿಮೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೇ ದಪ್ಪ. ತಳ ಅದರ ಎರಡರಷ್ಟಕ್ಕಿಂತ ಜಾಸ್ತಿ. ಜೊತೆಗೆ ಒಳಮುಖವಾಗಿ ಗುಮ್ಮಟದ ಆಕಾರದಲ್ಲಿ ಬಾಗಿದೆ. ಒಳಗಿನ ಗ್ಯಾಸಿನ ಒತ್ತಡಕ್ಕೆ ಉಬ್ಬಬಾರದು ಅಂತ ಕಾರ್ಖಾನೆಯಲ್ಲೇ ಹಾಗೆ ಮಾಡಿರುತ್ತಾರೆ. ಇಡೀ ಕ್ಯಾನು 15 ಗ್ರಾಂ ತೂಗುವುದಿಲ್ಲ. ನಮಗೆ ಮುಖ್ಯವಾಗಿ ಬೇಕಾಗಿರುವುದು ಆ ಗಟ್ಟಿ ತಳ. ಎರಡು ಕ್ಯಾನಿನ ಎರಡು ತಳ ಸೇರಿದರೆ ಒಂದು ಸ್ಪಿರಿಟ್ ಒಲೆ, ಅಂದರೆ ಆಲ್ಕೋಹಾಲಿನಿಂದ ಉರಿಯುವ ಒಲೆ.

ಇದನ್ನು ಮಾಡುವುದು ಹೇಗೆ ಅಂತ ತಿಳಿಯಲು ನೀವು ಭಾನುವಾರ ಹಾಳುಮಾಡಿಕೊಂಡು ಇಲ್ಲಿಗೆ ಬರಬೇಕಿರಲಿಲ್ಲ. ಫೋನಿನಲ್ಲಿ ಹುಡುಕಿದರೆ ಬೇಕಾದಷ್ಟು ವಿಡಿಯೋ ಸಿಗುತ್ತವೆ. ಎಲ್ಲದರಲ್ಲೂ ಕತ್ತರಿಸುವುದು, ತೂತು ಹಾಕುವುದು, ಕೊನೆಗೆ ಕತ್ತಲಲ್ಲಿ ನೀಲಿ ಉರಿಯ ಚಂದದ ಚಿತ್ರ. ನನ್ನ ತಕರಾರು ಅಲ್ಲೇ ಇದೆ. ಒಲೆಯಲ್ಲಿ ಕ್ಯಾನಿನ ಪಾಲು ಬಹಳ ಸಣ್ಣದು. ಪಾತ್ರೆ ಉರಿಯಿಂದ ಎಷ್ಟು ಮೇಲಿದೆ, ಗಾಳಿಗೆ ಏನು ಅಡ್ಡ ಇಟ್ಟಿದ್ದೀರಿ, ಸ್ಪಿರಿಟ್ ಎಷ್ಟು ಅಳೆದು ಹಾಕಿದ್ದೀರಿ ಅನ್ನುವುದರ ಮೇಲೆ ನೀರು ಕುದಿಯುವುದೋ ಇಲ್ಲವೋ ನಿಂತಿದೆ. ಕ್ಯಾನಿಗೆ ಎಷ್ಟೇ ನಾಜೂಕಾಗಿ ತೂತು ಹಾಕಿದ್ದರೂ ಇವು ಸರಿಯಿಲ್ಲದಿದ್ದರೆ ಟೀ ಉಗುರುಬೆಚ್ಚಗೇ ಉಳಿಯುತ್ತದೆ. ಇವತ್ತು ಅದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಲೆಯ ಐಡಿಯಾ ಹೊಸದೇನಲ್ಲ. ಎರಡು ಗೋಡೆ, ನಡುವೆ ಆವಿ ತುಂಬಲು ಜಾಗ, ಮೇಲೆ ಸುತ್ತಲೂ ತೂತುಗಳ ಸಾಲು. ಇಂಥದ್ದೇ ಒಂದು ವಿನ್ಯಾಸಕ್ಕೆ ನ್ಯೂಯಾರ್ಕಿನ ಜೆ. ಹೈನ್‌ರಿಕ್ಸ್ ಎಂಬ ತಾಮ್ರದ ಕೆಲಸಗಾರ 1904ರಲ್ಲೇ ಪೇಟೆಂಟ್ ಪಡೆದಿದ್ದ. ಸ್ವೀಡನ್ನಿನ ಟ್ರಾಂಗಿಯಾ ಕಂಪನಿ ಇವತ್ತಿಗೂ ಹಿತ್ತಾಳೆಯಲ್ಲಿ ಇದೇ ಬಗೆಯ ಬರ್ನರ್ ಮಾಡಿ ಮಾರುತ್ತದೆ. 1925ರಲ್ಲಿ ಶುರುವಾದ ಕಂಪನಿ ಅದು. 1951ರಲ್ಲಿ ಬರ್ನರ್, ಗಾಳಿ ತಡೆ, ಪಾತ್ರೆ ಎಲ್ಲವೂ ಒಂದರೊಳಗೊಂದು ಕೂರುವ ಸೆಟ್ ಹೊರತಂದಿತು. ಬರೀ ಬರ್ನರ್ ಮಾರಿದ್ದರೆ ಅಷ್ಟು ಹೆಸರು ಬರುತ್ತಿತ್ತು ಅಂತ ನನಗನ್ನಿಸುವುದಿಲ್ಲ. ಆ ಸೆಟ್ಟಿನಲ್ಲಿ ಬುದ್ಧಿ ಖರ್ಚಾಗಿರುವುದು ಗಾಳಿ ತಡೆಯ ಮೇಲೆ.

ಕ್ಯಾನಿನ ಒಲೆ ಜನಪ್ರಿಯವಾದದ್ದು ಅಮೆರಿಕದ ಉದ್ದ ಕಾಲುದಾರಿಗಳಲ್ಲಿ. ಪೂರ್ವದ ಕಡೆ ಅಪಲೇಚಿಯನ್ ಟ್ರೇಲ್, ಸುಮಾರು 3,500 ಕಿಲೋಮೀಟರ್. ಪಶ್ಚಿಮದಲ್ಲಿ ಪೆಸಿಫಿಕ್ ಕ್ರೆಸ್ಟ್ ಟ್ರೇಲ್, 4,200ಕ್ಕೂ ಜಾಸ್ತಿ. ನಾಲ್ಕೈದು ತಿಂಗಳು ಬೆನ್ನ ಮೇಲೆ ಮನೆ ಹೊತ್ತು ನಡೆಯುವವರು ಹಲ್ಲುಜ್ಜುವ ಬ್ರಶ್ಶಿನ ಹಿಡಿಯನ್ನೂ ಕತ್ತರಿಸಿ ತೂಕ ಇಳಿಸುತ್ತಾರೆ. ಅವರಿಗೆ 12 ಗ್ರಾಮಿನ ಒಲೆ ಅಂದರೆ ವರ. ಇನ್ನೊಂದು ಅನುಕೂಲವೂ ಅಲ್ಲಿದೆ. ದಾರಿಯಲ್ಲಿ ಸಿಗುವ ಸಣ್ಣ ಊರಿನ ಪೆಟ್ರೋಲ್ ಬಂಕಿನಲ್ಲೂ ಹೀಟ್ ಎಂಬ ಹಳದಿ ಬಾಟಲಿ ಸಿಗುತ್ತದೆ. ಚಳಿಗಾಲದಲ್ಲಿ ಪೆಟ್ರೋಲ್ ಪೈಪಿನಲ್ಲಿ ನೀರು ಹೆಪ್ಪುಗಟ್ಟದಿರಲಿ ಅಂತ ಟ್ಯಾಂಕಿಗೆ ಸುರಿಯುವ ಮೆಥನಾಲ್ ಎಂಬ ಆಲ್ಕೋಹಾಲ್ ಅದು. ನಡೆಯುವವರು ಅದನ್ನೇ ಒಲೆಗೆ ಹಾಕಿಕೊಂಡರು. ಒಲೆ ಕಸದಬುಟ್ಟಿಯಿಂದ, ಇಂಧನ ಪೆಟ್ರೋಲ್ ಬಂಕಿನಿಂದ. ನಮ್ಮಲ್ಲಿ ಈ ಎರಡನೆಯದು ಇಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ತೂಕದ ಲೆಕ್ಕ ನಿಜವಾಗಿ ಗೆಲ್ಲುತ್ತದಾ? ಒಬ್ಬರೇ ಹೋಗುವುದಾದರೆ, ದಿನಕ್ಕೆ ಎರಡು ಸಲ ಅರ್ಧ ಲೀಟರ್ ನೀರು ಕಾಯಿಸುವುದಾದರೆ, ಒಂದು ವಾರದ ಮಟ್ಟಿಗೆ ಗೆಲ್ಲುತ್ತದೆ. ಒಂದು ಸಲಕ್ಕೆ ಸ್ಪಿರಿಟ್ ಸುಮಾರು 16 ಗ್ರಾಂ ಬೇಕು. ಗ್ಯಾಸ್ ಆದರೆ ಅದರ ಅರ್ಧ ಸಾಕು, ಏಕೆಂದರೆ ಗ್ರಾಮಿಗೆ ಗ್ಯಾಸಿನಲ್ಲಿ 46 ಕಿಲೋಜೌಲ್ ಕಾವು ಇದ್ದರೆ ನಮ್ಮ ಸ್ಪಿರಿಟ್ಟಿನ ಆಲ್ಕೋಹಾಲ್ ಆದ ಎಥನಾಲಿನಲ್ಲಿ 27 ಮಾತ್ರ. ಆದರೆ ಗ್ಯಾಸಿಗೆ ಉಕ್ಕಿನ ಡಬ್ಬಿ ಹೊರಬೇಕು, ಮೇಲೊಂದು ಬರ್ನರ್ ಬೇಕು. ಸ್ಪಿರಿಟ್ಟಿಗೆ ಹಗುರ ಪ್ಲಾಸ್ಟಿಕ್ ಬಾಟಲಿ ಸಾಕು. ದಿನ ಜಾಸ್ತಿಯಾದಂತೆ, ಜನ ಜಾಸ್ತಿಯಾದಂತೆ ಲೆಕ್ಕ ಗ್ಯಾಸಿನ ಕಡೆ ವಾಲುತ್ತದೆ. ಆರು ಜನರ ಗುಂಪಿಗೆ ಕ್ಯಾನಿನ ಒಲೆ ಒಯ್ಯುತ್ತೇನೆ ಅನ್ನುವವರ ಜೊತೆ ನಾನಂತೂ ಹೋಗುವುದಿಲ್ಲ.

ಈಗ ಮೂಲ ಪ್ರಶ್ನೆ. ಇಷ್ಟು ತೆಳು ತಗಡಿನ ಡಬ್ಬಿಯಲ್ಲಿ, ಬತ್ತಿ ಇಲ್ಲದೆ, ಪಂಪ್ ಇಲ್ಲದೆ, ಹೊಗೆಯಿಲ್ಲದ ಉರಿ ಹೇಗೆ ಬರುತ್ತದೆ?

ಐವತ್ತು ದಾಟಿದವರಿಗೆ ಸೀಮೆಎಣ್ಣೆಯ ಪಂಪ್ ಸ್ಟೌ ನೆನಪಿರುತ್ತದೆ. ಪಿನ್ನು ಹಾಕಬೇಕು, ಪಂಪು ಹೊಡೆಯಬೇಕು, ಆಮೇಲೆ ಭರ್ ಅಂತ ಸದ್ದು. 1892ರಲ್ಲಿ ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ ಮಾಡಿದ ಪ್ರೈಮಸ್ ಸ್ಟೌವಿನ ವಂಶ ಅದು. ಅಷ್ಟೆಲ್ಲ ಗಲಾಟೆ ಯಾಕೆ ಬೇಕಿತ್ತು ಅಂದರೆ ಸೀಮೆಎಣ್ಣೆಯ ಹಸಿವು ದೊಡ್ಡದು. ಒಂದು ಗ್ರಾಂ ಸೀಮೆಎಣ್ಣೆ ಪೂರ್ತಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕು. ಅಷ್ಟು ಗಾಳಿ ತಾನಾಗಿ ಬಂದು ಬೆರೆಯುವುದಿಲ್ಲ. ಸಣ್ಣ ರಂಧ್ರದಿಂದ ಒತ್ತಡದಲ್ಲಿ ಚಿಮ್ಮಿಸಿ ಬೆರೆಸಬೇಕು. ಇಲ್ಲದಿದ್ದರೆ ಅರೆಬರೆ ಉರಿದು ಮಸಿ. ಎಥನಾಲಿಗೆ 9 ಗ್ರಾಂ ಗಾಳಿ ಸಾಕು, ಮೆಥನಾಲಿಗೆ ಆರೂವರೆ. ಯಾಕೆಂದರೆ ಆಲ್ಕೋಹಾಲಿನ ಪ್ರತಿ ಅಣುವಿನೊಳಗೇ ಒಂದು ಆಮ್ಲಜನಕ ಕೂತಿದೆ, ಅಂದರೆ ಅದು ಮೊದಲೇ ಸ್ವಲ್ಪ ಉರಿದಂತೆ ಲೆಕ್ಕ. ಅದಕ್ಕೇ ಅದರಲ್ಲಿ ಕಾವು ಕಡಿಮೆ, ಅದಕ್ಕೇ ಅದು ತಂಟೆಯಿಲ್ಲದೆ ನೀಲಿಯಾಗಿ ಉರಿಯುತ್ತದೆ. ಅದರ ಬಲಹೀನತೆಯೇ ನಮ್ಮ ಅನುಕೂಲ. ಪಾತ್ರೆಯ ತಳಕ್ಕೆ ಮಸಿ ಹಿಡಿಯುವುದಿಲ್ಲ ಅನ್ನುವುದು ಮೇಲಿನ ಲಾಭ.

ಇನ್ನೊಂದು ವಿಷಯ. ಸ್ಪಿರಿಟ್ ದ್ರವವಾಗಿ ಉರಿಯುವುದಿಲ್ಲ, ಅದರ ಆವಿ ಉರಿಯುತ್ತದೆ. ನಡುವಿನ ಬಾಯಿಗೆ ಕಡ್ಡಿ ಗೀರಿದರೆ ಮೊದಲು ಅಲ್ಲಿ ಮಾತ್ರ ಮೆಲ್ಲಗೆ ಉರಿ ಏಳುತ್ತದೆ. ಆ ಉರಿ ತಗಡನ್ನು ಬಿಸಿ ಮಾಡುತ್ತದೆ. ತಗಡು ಎರಡು ಗೋಡೆಗಳ ನಡುವಿನ ಸ್ಪಿರಿಟ್ಟನ್ನು ಬಿಸಿ ಮಾಡುತ್ತದೆ. 78 ಡಿಗ್ರಿ ಮುಟ್ಟಿದರೆ ಎಥನಾಲ್ ಕುದಿಯುತ್ತದೆ. ಆವಿಗೆ ಹೋಗಲು ಬೇರೆ ದಾರಿಯಿಲ್ಲ, ಮೇಲಿನ ಸೂಜಿತೂತುಗಳಿಂದ ಹೊರಬಂದು ಹೊತ್ತಿಕೊಳ್ಳುತ್ತದೆ. ಅರ್ಧ ನಿಮಿಷದಿಂದ ಒಂದು ನಿಮಿಷದಲ್ಲಿ ಸುತ್ತಲೂ ಉರಿಯ ಎಸಳುಗಳು ಏಳುತ್ತವೆ. ಅಲ್ಲಿಂದ ಮುಂದೆ ಒಲೆ ತನ್ನ ಬಿಸಿಯಿಂದ ತಾನೇ ಆವಿ ಮಾಡಿಕೊಳ್ಳುತ್ತದೆ. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಉರಿ ಅದಕ್ಕಿಂತ ಎಷ್ಟೋ ಬಿಸಿ. ಆದರೂ ಕ್ಯಾನು ಯಾಕೆ ಕರಗುವುದಿಲ್ಲ? ಒಳಗೆ ಕುದಿಯುತ್ತಿರುವ ಸ್ಪಿರಿಟ್ ತಗಡಿನ ಬಿಸಿಯನ್ನು ಎಳೆದುಕೊಳ್ಳುತ್ತಲೇ ಇರುತ್ತದೆ.

ಮಾಡುವ ಕ್ರಮ ಹೇಳುತ್ತೇನೆ. ಒಂದೇ ಅಳತೆಯ ಎರಡು ಅಲ್ಯೂಮಿನಿಯಂ ಕ್ಯಾನು ಬೇಕು. ಅಯಸ್ಕಾಂತ ಹಿಡಿದರೆ ಅಂಟಬಾರದು. ಅಂಟಿದರೆ ಅದು ಉಕ್ಕು, ಕತ್ತರಿಸುವಾಗ ಕೈ ನೋಯುತ್ತದೆ. ದಪ್ಪ ಕ್ಯಾನಿನ ಅಗಲ 66 ಮಿಲಿಮೀಟರ್. ಉದ್ದನೆಯ ತೆಳ್ಳಗಿನ ಕ್ಯಾನುಗಳಿಂದಲೂ ಮಾಡಬಹುದು, ಆದರೆ ಒಲೆ ಕಿರಿದಾಗಿ ಉರುಳುವ ಭಯ ಜಾಸ್ತಿ. ಕೈಗೆ ದಪ್ಪ ಗ್ಲೌಸ್ ಹಾಕಿಕೊಳ್ಳಿ. ಕತ್ತರಿಸಿದ ಕ್ಯಾನಿನ ಅಂಚು ಬ್ಲೇಡಿಗಿಂತ ಕಡಿಮೆಯೇನಲ್ಲ.

ಕತ್ತರಿಸುವ ಮುಂಚೆ ತೂತು ಹಾಕಿ. ಇಡೀ ಕ್ಯಾನು ಇದ್ದಾಗ ತಳ ಅಲುಗಾಡುವುದಿಲ್ಲ. ಕ್ಯಾನಿನ ಸುತ್ತಳತೆಗೆ ಸರಿಯಾಗಿ ಒಂದು ಕಾಗದದ ಪಟ್ಟಿ ಕತ್ತರಿಸಿ. ಅದನ್ನು ನಾಲ್ಕು ಸಲ ಅರ್ಧಕ್ಕೆ ಮಡಚಿ ಬಿಚ್ಚಿದರೆ ಹದಿನಾರು ಸಮಭಾಗ ಸಿಗುತ್ತದೆ. ಕೋನಮಾಪಕ, ಕೈವಾರ ಏನೂ ಬೇಡ. ಪಟ್ಟಿಯನ್ನು ಕ್ಯಾನಿಗೆ ಸುತ್ತಿ, ಪ್ರತಿ ಮಡಿಕೆಯ ಗುರುತಿಗೆ ನೇರವಾಗಿ, ತಳದ ಏಣಿನ ಹೊರ ಇಳಿಜಾರಿನಲ್ಲಿ ಒಂದೊಂದು ತೂತು ಹಾಕಿ. ಗುಂಡುಸೂಜಿಯನ್ನು ತಿರುಗಿಸುತ್ತಾ ಒತ್ತಿ. ತೂತು ಒಂದು ಮಿಲಿಮೀಟರ್ ದಾಟಬಾರದು. ದೊಡ್ಡದಾದರೆ ಒತ್ತಡ ಕಟ್ಟುವುದಿಲ್ಲ, ಉರಿ ಸೋಮಾರಿಯಾಗುತ್ತದೆ, ಸ್ಪಿರಿಟ್ ಸುಮ್ನೆ ಖರ್ಚಾಗುತ್ತದೆ. ಆಮೇಲೆ ಅದೇ ತಳದ ನಡುವಿನ ಗುಮ್ಮಟವನ್ನು ಬ್ಲೇಡಿನಿಂದ ಮತ್ತೆ ಮತ್ತೆ ಗೆರೆ ಎಳೆದು ತೆಗೆದುಬಿಡಿ. ಅಂಚನ್ನು ಸ್ಯಾಂಡ್ ಪೇಪರಿನಿಂದ ಉಜ್ಜಿ. ಇದು ಒಲೆಯ ಮೇಲಿನ ಭಾಗ, ಬೋರಲಾಗಿ ಕೂರುತ್ತದೆ. ತೂತು ಹಾಕದ ಇನ್ನೊಂದು ಕ್ಯಾನಿನ ತಳವೇ ಕೆಳಭಾಗ.

ಎತ್ತರಕ್ಕೆ ಸರಿಯಾಗಿ ಕತ್ತರಿಸಲು ಒಂದು ಉಪಾಯ ಇದೆ. ಬ್ಲೇಡನ್ನು ದಪ್ಪ ಪುಸ್ತಕದ ಹಾಳೆಗಳ ನಡುವೆ ಮೂರು ಸೆಂಟಿಮೀಟರ್ ಎತ್ತರದಲ್ಲಿ ಸಿಕ್ಕಿಸಿ, ಮೂಲೆ ಮಾತ್ರ ಹೊರಗೆ ಕಾಣಲಿ. ಕ್ಯಾನನ್ನು ಅದಕ್ಕೆ ತಾಗಿಸಿ ಮೆಲ್ಲಗೆ ತಿರುಗಿಸುತ್ತಾ ಹೋಗಿ. ಪೂರ್ತಿ ಕತ್ತರಿಸಬೇಕಾಗಿಲ್ಲ, ಗೀರು ಆಳವಾದರೆ ಸಾಕು. ಹೆಬ್ಬೆರಳಿನಿಂದ ಒತ್ತಿದಾಗ ಗೆರೆಗುಂಟ ಬಿಟ್ಟುಕೊಳ್ಳುತ್ತದೆ. ಎರಡೂ ಕ್ಯಾನನ್ನು ಹೀಗೇ ಕತ್ತರಿಸಿ.

ಉಳಿದ ಬದಿಯ ತಗಡಿನಿಂದ ಮೂರೂವರೆ ಸೆಂಟಿಮೀಟರ್ ಅಗಲದ ಒಂದು ಪಟ್ಟಿ ತೆಗೆಯಿರಿ. ಅದೇ ಒಳಗೋಡೆ. ಬಳೆಯಂತೆ ಸುತ್ತಿ ಕೆಳಭಾಗದಲ್ಲಿ ಗುಮ್ಮಟದ ಸುತ್ತ ಇರುವ ಕಾಲುವೆಯಲ್ಲಿ ಕೂರಿಸಬೇಕು. ಜೋಡಿಸಿದಾಗ ಅದರ ಮೇಲಂಚು ಮೇಲಿನ ಭಾಗದ ಕಾಲುವೆಗೆ ತಾಗಬೇಕು. ಎತ್ತರ ಜಾಸ್ತಿಯಾದರೆ ಸ್ವಲ್ಪ ಸ್ವಲ್ಪವೇ ಕತ್ತರಿಸಿ ಹೊಂದಿಸಿ. ಕೆಳ ಅಂಚಿನಲ್ಲಿ ಮೂರು ಕಡೆ ಸಣ್ಣದಾಗಿ ಕಚ್ಚು ಹಾಕಲು ಮರೆಯಬೇಡಿ. ನಡುವೆ ಸುರಿದ ಸ್ಪಿರಿಟ್ ಆ ಕಚ್ಚುಗಳ ಮೂಲಕವೇ ಹೊರಗಿನ ಕೋಣೆಗೆ ಹೋಗಬೇಕು.

ಎಲ್ಲರೂ ಸಿಕ್ಕಿಬೀಳುವುದು ಜೋಡಿಸುವಾಗ. ಎರಡು ಭಾಗವೂ ಒಂದೇ ಅಗಲ, ಒಂದರೊಳಗೆ ಒಂದು ಹೇಗೆ ಹೋಗಬೇಕು? ಸುತ್ತಿಗೆ ತೆಗೆದುಕೊಂಡರೆ ಕೆಟ್ಟಿತು. ಇನ್ನೂ ತೆರೆಯದ, ತುಂಬಿದ ಒಂದು ಕ್ಯಾನು ತನ್ನಿ. ಅದರ ತಳವನ್ನು ಕೆಳಭಾಗದೊಳಗೆ ಒತ್ತಿ, ತಿರುಗಿಸಿ, ಹೊರಗೆಳೆಯಿರಿ. ಒಳಗಿನ ಒತ್ತಡಕ್ಕೆ ತುಂಬಿದ ಕ್ಯಾನು ಕಲ್ಲಿನಷ್ಟು ಗಟ್ಟಿ ಇರುತ್ತದೆ, ಕತ್ತರಿಸಿದ ತಗಡು ಅದಕ್ಕೆ ಮಣಿದು ಕೂದಲೆಳೆಯಷ್ಟು ಹಿಗ್ಗುತ್ತದೆ. ಅಷ್ಟೇ ಬೇಕಾಗಿದ್ದದ್ದು. ಒಳಗೋಡೆ ಕೂರಿಸಿ, ಮೇಲಿನ ಭಾಗವನ್ನು ನಿಧಾನವಾಗಿ ಒಳಗೆ ತಳ್ಳಿ. ಅಂಟು ಹಾಕಬೇಕಾಗಿಲ್ಲ. ಕೆಲಸ ಮುಗಿದ ಮೇಲೆ ಆ ಮೂರನೇ ಕ್ಯಾನು ಏನು ಮಾಡಬೇಕು ಅಂತ ಹೇಳಿಕೊಡಬೇಕಾಗಿಲ್ಲ ಅಲ್ವಾ.

ಮೊದಲ ಸಲ ಹೊರಗೆ, ಪಾತ್ರೆ ಇಡದೆ ಉರಿಸಿ. ಕ್ಯಾನಿನ ಹೊರಗೆ ಬಣ್ಣ ಇದೆ, ಒಳಗೆ ತೆಳುವಾದ ಪ್ಲಾಸ್ಟಿಕ್ ಲೇಪ ಇದೆ. ಅವು ಸುಟ್ಟ ವಾಸನೆ ಕುಡಿಯಬೇಡಿ.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ನಿಮ್ಮಲ್ಲಿ ಹೆಚ್ಚಿನವರಿಗೆ ಈ ಎರಡು ಗೋಡೆಯ ಒಲೆ ಬೇಕಾಗಿಯೇ ಇಲ್ಲ. 85 ಗ್ರಾಮಿನ ಬೆಕ್ಕಿನ ಊಟದ ಗಿಡ್ಡ ಡಬ್ಬಿ ಬರುತ್ತದಲ್ಲ, ಅಂಥದ್ದು ಒಂದು ಸಾಕು. ಬಾಯಿಯ ಅಂಚಿನ ಕೆಳಗೆ ಆಫೀಸಿನ ಪೇಪರ್ ಪಂಚಿನಿಂದ ಸುತ್ತಲೂ ಒಂದು ಸಾಲು ತೂತು, ಅದರ ಕೆಳಗೆ ಇನ್ನೊಂದು ಸಾಲು. ಮುಗಿಯಿತು. ಅಮೆರಿಕದ ಚಾರಣಿಗರು ಇದನ್ನು ಸೂಪರ್ ಕ್ಯಾಟ್ ಎನ್ನುತ್ತಾರೆ. ಸ್ಪಿರಿಟ್ ಹಾಕಿ, ಹೊತ್ತಿಸಿ, ಅರ್ಧ ನಿಮಿಷ ಕಾಯಿರಿ. ಒಳಗೆ ಕುದಿ ಹತ್ತಿದ ಮೇಲೆ ಪಾತ್ರೆಯನ್ನು ನೇರವಾಗಿ ಡಬ್ಬಿಯ ಮೇಲೇ ಇಡಿ. ಬಾಯಿ ಮುಚ್ಚಿದ್ದರಿಂದ ಉರಿ ಬದಿಯ ತೂತುಗಳಿಂದ ಬರುತ್ತದೆ. ಸ್ಟ್ಯಾಂಡ್ ಬೇಡ. ತಪ್ಪುವುದಕ್ಕೆ ಏನೂ ಇಲ್ಲ. ಕುದಿ ಬರುವ ಮುಂಚೆಯೇ ಪಾತ್ರೆ ಇಟ್ಟರೆ ಮಾತ್ರ ಉಸಿರುಕಟ್ಟಿ ಆರಿಹೋಗುತ್ತದೆ. ಎರಡು ಗೋಡೆಯದು ನೋಡಲು ಚಂದ, ಮಾಡಿದ ಖುಷಿ ಜಾಸ್ತಿ. ನೀರಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಈಗ ಕ್ಯಾನು ಬಿಟ್ಟು ಅದರ ಸುತ್ತಮುತ್ತಲಿಗೆ ಬರೋಣ. ಒಂದು ಲೆಕ್ಕ ಮಾಡೋಣ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಅರ್ಧ ಲೀಟರ್ ನೀರನ್ನು 25 ಡಿಗ್ರಿಯಿಂದ ಅಲ್ಲಿಗೆ ತರಲು 150 ಕಿಲೋಜೌಲ್ ಬೇಕು. ಒಂದು ಮಿಲಿಲೀಟರ್ ಎಥನಾಲಿನಲ್ಲಿ 21 ಕಿಲೋಜೌಲ್ ಇದೆ. ಅಂದರೆ ಏಳು ಮಿಲಿಲೀಟರ್, ಒಂದೂವರೆ ಟೀ ಚಮಚ, ಸಾಕಾಗಬೇಕಿತ್ತು. ನಿಜವಾಗಿ ಎಷ್ಟು ಬೇಕು? ಚೆನ್ನಾಗಿ ಹೊಂದಿಸಿದರೆ 20. ಗಾಳಿಯಲ್ಲಿ ಬಯಲಲ್ಲಿ ಇಟ್ಟರೆ 40 ಹಾಕಿದರೂ ಕುದಿಯದೆ ಇರಬಹುದು. ಮನೆಯ ಗ್ಯಾಸ್ ಸ್ಟೌಗೆ ಐಎಸ್‌ಐ ಗುರುತು ಸಿಗಬೇಕಾದರೆ ಕನಿಷ್ಠ 68 ಶೇಕಡಾ ಕಾವು ಪಾತ್ರೆಗೆ ಮುಟ್ಟಬೇಕು. ನಮ್ಮದು ಒಳ್ಳೆಯ ದಿನ ಮೂರನೇ ಒಂದು ಭಾಗ ಮುಟ್ಟಿಸುತ್ತದೆ. ಕೈಯಲ್ಲಿ ಉಳಿತಾಯ ಇರುವುದು ಈ ಏಳಕ್ಕೂ ನಲವತ್ತಕ್ಕೂ ನಡುವೆ. ಅದರಲ್ಲಿ ತೂತಿನ ಸಂಖ್ಯೆಯ ಪಾಲು ಬಹಳ ಕಡಿಮೆ.

ಎರಡು ಗೋಡೆಯ ಒಲೆಗೆ ಪಾತ್ರೆಯನ್ನು ತೂತುಗಳಿಂದ ಮೂರು ಸೆಂಟಿಮೀಟರ್ ಮೇಲೆ ಇಡಿ. ಹಳೆಯ ಸೈಕಲ್ ಕಡ್ಡಿಗಳನ್ನು ಬಗ್ಗಿಸಿ ಸ್ಟ್ಯಾಂಡ್ ಮಾಡಬಹುದು. ಅದಕ್ಕಿಂತ ಹತ್ತಿರ ತಂದರೆ ಜಾಸ್ತಿ ಬಿಸಿಯಾಗುತ್ತದೆ ಅಂತ ಅನ್ನಿಸುತ್ತದೆ. ಆಗುವುದಿಲ್ಲ. ತಣ್ಣನೆಯ ಪಾತ್ರೆಗೆ ತಾಗಿದ ಉರಿ ಅರ್ಧಕ್ಕೇ ಆರುತ್ತದೆ, ಕಣ್ಣು ಉರಿಸುವ ವಾಸನೆ ಬರುತ್ತದೆ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಹುಟ್ಟುತ್ತದೆ. ಆ ವಾಸನೆ ಬಂತೆಂದರೆ ಪಾತ್ರೆ ಎತ್ತರಿಸಿ. ಪಾತ್ರೆ ಅಗಲವಾಗಿರಲಿ, ಗಿಡ್ಡವಾಗಿರಲಿ, ಮುಚ್ಚಳ ಇರಲಿ. ಕಿರಿದಾದ ಉದ್ದ ಲೋಟದಂಥ ಪಾತ್ರೆಯಲ್ಲಿ ಉರಿ ಬದಿ ಸವರಿಕೊಂಡು ಆಕಾಶಕ್ಕೆ ಹೋಗುತ್ತದೆ.

ಗಾಳಿ ತಡೆಗೆ ಅಡುಗೆಯ ಅಲ್ಯೂಮಿನಿಯಂ ಫಾಯಿಲನ್ನು ಮೂರ್ನಾಲ್ಕು ಪದರ ಮಡಚಿದರೆ ಸಾಕು. ಪಾತ್ರೆಯ ಸುತ್ತ ಒಂದು ಬೆರಳಿನಷ್ಟು ಜಾಗ ಬಿಟ್ಟು ನಿಲ್ಲಿಸಿ. ಪಾತ್ರೆಯ ಅರ್ಧಕ್ಕಿಂತ ಮೇಲಕ್ಕೆ ಬರಲಿ. ಕೆಳಗೆ ಗಾಳಿ ಒಳಬರಲು ತೂತುಗಳಿರಲಿ. ಇದು ಗಾಳಿ ತಡೆಯುವುದರ ಜೊತೆಗೆ ಬಿಸಿಯನ್ನು ಪಾತ್ರೆಯ ಬದಿಗೂ ಒರೆಸುತ್ತದೆ. ಗ್ಯಾಸ್ ಡಬ್ಬಿಯ ಮೇಲೆ ಕೂರುವ ಸ್ಟೌ ಇಟ್ಟುಕೊಂಡವರು ಇದನ್ನು ನಕಲು ಮಾಡಬೇಡಿ. ಸುತ್ತಲೂ ಮುಚ್ಚಿದರೆ ಡಬ್ಬಿಯೇ ಕಾದು ಸಿಡಿಯಬಹುದು.

ಮುಂದಿನ ಸಾಲಿನಲ್ಲಿದ್ದ ಹುಡುಗನೊಬ್ಬ ಕೇಳಿದ: "ಸಾರ್, ಸ್ಯಾನಿಟೈಸರ್ ಹಾಕಿದರೆ ಆಗಲ್ವಾ? ಮನೇಲಿ ಕೊರೊನಾ ಕಾಲದ್ದು ಲೀಟರ್‌ಗಟ್ಟಲೆ ಇದೆ."

ಹೊತ್ತಿಕೊಳ್ಳುತ್ತದೆ, ಆದರೆ ಅದರಲ್ಲಿ ಸುಮಾರು ಕಾಲು ಭಾಗ ನೀರಿದೆ. ಆಲ್ಕೋಹಾಲ್ ಮೊದಲು ಹೋಗಿ ನೀರು ತಳದಲ್ಲಿ ಉಳಿದು ಒಲೆ ಮಧ್ಯದಲ್ಲೇ ಕೈಕೊಡುತ್ತದೆ. ಜೆಲ್ ಆದರೆ ಸೂಜಿತೂತುಗಳಿಗೆ ಅಂಟು ಕಟ್ಟುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್ ಅಂತ ಬರೆದಿದ್ದರೆ ಹಳದಿ ಉರಿ, ಮಸಿ. ನಮಗೆ ಬೇಕಾಗಿರುವುದು ಡಿನೇಚರ್ಡ್ ಸ್ಪಿರಿಟ್, ಅಂದರೆ ಕುಡಿಯಲಾಗದಂತೆ ಬೇರೇನಾದರೂ ಬೆರೆಸಿದ ಎಥನಾಲ್. ಮರಕ್ಕೆ ಫ್ರೆಂಚ್ ಪಾಲಿಶ್ ಹೊಡೆಯುವವರು ಬಳಸುವ ಸ್ಪಿರಿಟ್. ವಿಚಿತ್ರ ಅಂದರೆ ಇದರ ಮೂಲ ನಮ್ಮ ಊರಲ್ಲೇ ಇದೆ. ಮಂಡ್ಯ, ಬೆಳಗಾವಿ ಕಡೆಯ ಸಕ್ಕರೆ ಕಾರ್ಖಾನೆಗಳ ಕಾಕಂಬಿಯಿಂದ ಎಥನಾಲ್ ತಯಾರಾಗುತ್ತದೆ, ಈಗ ಅದು ಪೆಟ್ರೋಲಿನಲ್ಲೂ ಬೆರೆಯುತ್ತಿದೆ. ಆದರೆ ಒಂದು ಲೀಟರ್ ಸ್ಪಿರಿಟ್ ಕೊಳ್ಳಲು ಹೊರಟರೆ ಅಬಕಾರಿ ನಿಯಮಗಳು ಅಡ್ಡ ಬರುತ್ತವೆ. ಲೈಸೆನ್ಸ್ ಇರುವ ಅಂಗಡಿಯಲ್ಲಿ, ಬಿಲ್ ಹಾಕಿಸಿ, ಸಣ್ಣ ಪ್ರಮಾಣದಲ್ಲಿ ಕೊಳ್ಳಿ. ಸ್ಪಿರಿಟ್ ಕೇಳಿದರೆ ಥಿನ್ನರ್ ಕೊಟ್ಟು "ಎರಡೂ ಒಂದೇ" ಅನ್ನುವವರಿದ್ದಾರೆ. ಒಂದೇ ಅಲ್ಲ. ಥಿನ್ನರ್, ಪೆಟ್ರೋಲ್, ಟರ್ಪೆಂಟೈನ್ ಯಾವುದನ್ನೂ ಈ ಒಲೆಗೆ ಹಾಕಬಾರದು.

ಮೆಥನಾಲ್? ಉರಿಯುವುದಕ್ಕೇನೋ ಚೆನ್ನಾಗಿ ಉರಿಯುತ್ತದೆ. ಅಸ್ಸಾಮಿನ ನಾಮ್‌ರೂಪದಲ್ಲಿ 2018ರಲ್ಲಿ ಮನೆಗಳಿಗೆ ಮೆಥನಾಲ್ ಒಲೆ ಕೊಡುವ ಯೋಜನೆಯೂ ಶುರುವಾಯಿತು. ಅಲ್ಲಿ ಇಂಧನ ಡಬ್ಬಿಯೊಳಗೆ ಇರುತ್ತದೆ, ಯಾರೂ ಬಾಟಲಿಯಿಂದ ಸುರಿಯಬೇಕಾಗಿಲ್ಲ. ಬಿಡಿ ಬಾಟಲಿಯಲ್ಲಿ ಮನೆಗೆ ತರುವುದಕ್ಕೆ ನನ್ನ ವಿರೋಧ ಇದೆ. ನೋಡಲು ನೀರಿನಂತೆಯೇ ಇರುತ್ತದೆ. ಹತ್ತು ಮಿಲಿಲೀಟರ್ ಹೊಟ್ಟೆಗೆ ಹೋದರೂ ಕಣ್ಣು ಹೋಗಬಹುದು. 1981ರಲ್ಲಿ ಇದೇ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಸಾರಾಯಿ ಕುಡಿದು ಮುನ್ನೂರರಷ್ಟು ಜನ ಸತ್ತರು. ಯಾವ ಸ್ಪಿರಿಟ್ಟೇ ಇರಲಿ, ನೀರಿನ ಬಾಟಲಿಯಲ್ಲಿ ತುಂಬಿಡಬೇಡಿ. ಬೇರೆ ಆಕಾರದ ಬಾಟಲಿ, ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು.

ಈಗ ಬೆಂಕಿಯ ಅಪಾಯ. ಇದರ ಬಗ್ಗೆ ನಿಧಾನವಾಗಿಯೇ ಹೇಳುತ್ತೇನೆ, ಕಾರಣ ನಮ್ಮ ಮನೆಗಳಿಗೆ ಪರಿಚಯ ಇರುವುದು ಸೀಮೆಎಣ್ಣೆ. ಸೀಮೆಎಣ್ಣೆ ನೆಲಕ್ಕೆ ಚೆಲ್ಲಿದರೆ ಒರೆಸುತ್ತೇವೆ, ಅಷ್ಟೇ. ಅದರ ಆವಿ ಹೊತ್ತಿಕೊಳ್ಳುವಷ್ಟು ಏಳಬೇಕಾದರೆ 35 ಡಿಗ್ರಿಯಾದರೂ ದಾಟಬೇಕು. ಸ್ಪಿರಿಟ್ಟಿಗೆ 13ರಿಂದ 17 ಡಿಗ್ರಿ ಸಾಕು. ಅಂದರೆ ನಮ್ಮ ಊರಿನಲ್ಲಿ ಹೆಚ್ಚುಕಡಿಮೆ ವರ್ಷವಿಡೀ, ಮುಚ್ಚಳ ತೆಗೆದ ಕೂಡಲೇ, ಬಾಟಲಿಯ ಬಾಯಲ್ಲಿ ಉರಿಯುವ ಆವಿ ನಿಂತಿರುತ್ತದೆ. ಚಳಿ ದೇಶದವರು ಒಲೆ ಹೊತ್ತುವುದಿಲ್ಲ ಅಂತ ಬಾಟಲಿಯನ್ನು ಜಾಕೆಟ್ಟಿನೊಳಗೆ ಬೆಚ್ಚಗಿಟ್ಟುಕೊಳ್ಳುತ್ತಾರೆ. ಲಡಾಖಿನ ಬೆಳಗಿನಲ್ಲಿ ನೀವೂ ಹಾಗೆ ಮಾಡಬೇಕಾಗುತ್ತದೆ. ಬೆಂಗಳೂರಿನ ಟೆರೇಸಿನಲ್ಲಿ ಕಷ್ಟ ಇದಕ್ಕೆ ತದ್ವಿರುದ್ಧ.

ಎರಡನೆಯದು, ಹಗಲಿನಲ್ಲಿ ಈ ಉರಿ ಕಾಣುವುದಿಲ್ಲ. ಕಣ್ಣಿಗೆ ಆರಿದಂತೆ ಕಾಣುವ ಒಲೆಗೆ ಯಾರೋ ಬಾಟಲಿ ಬಗ್ಗಿಸುತ್ತಾರೆ. ಉರಿ ಧಾರೆಯನ್ನೇ ಹಿಡಿದು ಬಾಟಲಿಯೊಳಗೆ ಹೋಗುತ್ತದೆ, ಒಳಗಿನ ಆವಿ ಹೊತ್ತಿ ಬಾಟಲಿಯ ಬಾಯಿಂದ ಬೆಂಕಿಯ ಧಾರೆ ಎದುರಿಗೆ ಕೂತವರ ಮೇಲೆ ಹಾರುತ್ತದೆ. ಸ್ಪಿರಿಟ್ ಒಲೆಯ ಅತಿ ಕೆಟ್ಟ ಸುಟ್ಟಗಾಯಗಳು ಆಗುವುದು ಹೀಗೆ. ಅದಕ್ಕೆ ನನ್ನದು ಒಂದೇ ಹಟ. ಬಾಟಲಿಯಿಂದ ಒಲೆಗೆ ನೇರ ಸುರಿಯಲೇಬೇಡಿ. ಕೆಮ್ಮಿನ ಸಿರಪ್ ಜೊತೆ ಬರುವ ಅಳತೆಯ ಮುಚ್ಚಳಕ್ಕೆ ಮೊದಲು ಹಾಕಿ, ಬಾಟಲಿ ಮುಚ್ಚಿ ದೂರ ಇಡಿ, ಆಮೇಲೆ ಒಲೆಗೆ ಹಾಕಿ, ಆಮೇಲೆ ಹೊತ್ತಿಸಿ. ನೀರು ಕುದಿಯಲಿಲ್ಲ, ಸ್ಪಿರಿಟ್ ಮುಗಿಯಿತು ಅಂದರೆ ಒಲೆಯನ್ನು ಬರಿಗೈಯಲ್ಲಿ ಹಿಡಿಯುವಷ್ಟು ತಣ್ಣಗಾಗುವ ತನಕ ಕಾಯಿರಿ. ಟೀ ತಡವಾಗಲಿ.

ಆರಿಸಲು ಊದಬೇಡಿ. ಒಲೆಗಿಂತ ಅಗಲದ ತಗಡಿನ ಡಬ್ಬಿಯೊಂದನ್ನು ಬೋರಲು ಹಾಕಿ. ಚೆಲ್ಲಿ ಹೊತ್ತಿಕೊಂಡರೆ ನೀರು ಹೊಯ್ಯಬಹುದು. ಎಣ್ಣೆಯ ಬೆಂಕಿಗೆ ನೀರು ಹಾಕಬಾರದು, ಆದರೆ ಸ್ಪಿರಿಟ್ ನೀರಿನೊಂದಿಗೆ ಬೆರೆತು ತೆಳುವಾಗುತ್ತದೆ. ಜಾಸ್ತಿ ನೀರು ಬೇಕು, ಒಂದು ಲೋಟದಲ್ಲಿ ಚಿಮುಕಿಸಿದರೆ ಉರಿಯೇ ತೇಲಿಕೊಂಡು ಹರಡುತ್ತದೆ. ಆದ್ದರಿಂದ ಮೊದಲೇ ಒಂದು ಬಕೆಟ್ ಪಕ್ಕದಲ್ಲಿರಲಿ. ಟೆಂಟಿನೊಳಗೆ, ಮುಚ್ಚಿದ ಕೋಣೆಯಲ್ಲಿ ಬೇಡವೇ ಬೇಡ. ಮಕ್ಕಳಿಗೆ ಮಾಡಿ ತೋರಿಸಿ, ಕೈಗೆ ಕೊಡಬೇಡಿ.

ಹಿಂದಿನಿಂದ ಒಬ್ಬರು ಹಿರಿಯರು: "ಕುಮಾರ ಪರ್ವತಕ್ಕೆ ತಗೊಂಡು ಹೋಗಬಹುದೇನಪ್ಪಾ?"

ಬೇಡ ಸಾರ್. ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಧಾಮದಲ್ಲಿ. ಕಾಡಿನಲ್ಲಿ ಬೆಂಕಿ ಹೊತ್ತಿಸುವುದು ಅರಣ್ಯ ಕಾನೂನಿನಲ್ಲಿ ಅಪರಾಧ, ಅದು ಸೌದೆಯ ಬೆಂಕಿಯೋ ಸ್ಪಿರಿಟ್ಟಿನದೋ ಅಂತ ಯಾರೂ ಕೇಳುವುದಿಲ್ಲ. ಕೇಳಬಾರದು ಕೂಡ. ಜನವರಿ ದಾಟಿದ ಮೇಲೆ ಆ ಬೆಟ್ಟಗಳ ಹುಲ್ಲು ಹೇಗಿರುತ್ತದೆ ಅಂತ ನಿಮಗೇ ಗೊತ್ತು. ಈ ಒಲೆಯ ದೊಡ್ಡ ದೋಷ ಅಂದರೆ ಇದಕ್ಕೆ ಕಿವಿ ಇಲ್ಲ. ತಿರುಗಿಸಿ ಆರಿಸುವ ಗುಂಡಿ ಇಲ್ಲ. ಉರುಳಿದರೆ ಸ್ಪಿರಿಟ್ ಹರಿಯುತ್ತಾ ಉರಿಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಕಾಡ್ಗಿಚ್ಚಿನ ಕಾಲದಲ್ಲಿ ವಾಲ್ವ್ ಇರುವ ಗ್ಯಾಸ್ ಸ್ಟೌಗೆ ಅನುಮತಿ ಇದ್ದಾಗಲೂ ಕ್ಯಾನಿನ ಒಲೆಗೆ ನಿಷೇಧ ಇರುತ್ತದೆ. ಯಾವ ದಾರಿಯಲ್ಲಿ ಇದು ಹೆಸರು ಮಾಡಿತೋ ಅದೇ ದಾರಿಯಲ್ಲಿ ಈಗ ಬಹಳ ಜನ ಇದನ್ನು ಬಿಟ್ಟಿದ್ದಾರೆ. ಸರಿಯಾಗೇ ಬಿಟ್ಟಿದ್ದಾರೆ.

ದೂರದ ಊರಿಗೆ ಒಯ್ಯುವುದೂ ಸುಲಭವಿಲ್ಲ. ವಿಮಾನದಲ್ಲಿ ಸ್ಪಿರಿಟ್ ಬಿಡುವುದಿಲ್ಲ. ರೈಲಿನಲ್ಲಿ ಹೊತ್ತಿಕೊಳ್ಳುವ ವಸ್ತು ಒಯ್ದರೆ 1989ರ ರೈಲ್ವೆ ಕಾಯ್ದೆಯ 164ನೇ ಸೆಕ್ಷನ್ ಇದೆ. ಮೂರು ವರ್ಷದವರೆಗೆ ಜೈಲು, ಇಲ್ಲವೇ 1,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಖಾಲಿ ಒಲೆ ಚೀಲದಲ್ಲಿರಲಿ, ಇಂಧನ ಹೋದ ಊರಿನಲ್ಲಿ ಸಿಕ್ಕರೆ ಕೊಳ್ಳಿ.

"ಹಾಗಾದರೆ ಎಲ್ಲಿ ಉರಿಸಬೇಕು?" ಅಂತ ಒಬ್ಬರು ನಕ್ಕರು. ನ್ಯಾಯವಾದ ಪ್ರಶ್ನೆ. ಮನೆಯ ಸಿಮೆಂಟ್ ಟೆರೇಸ್, ನಿಮ್ಮದೇ ತೋಟದ ಗುಡಿಸಿದ ಅಂಗಳ, ಬೆಂಕಿಗೆ ಅನುಮತಿ ಇರುವ ಕ್ಯಾಂಪಿನ ಜಾಗ. ಕರೆಂಟು ಹೋಗಿ ಸಿಲಿಂಡರೂ ಮುಗಿದ ರಾತ್ರಿ ಬಾಲ್ಕನಿಯಲ್ಲಿ ಒಂದು ಲೋಟ ಕಾಫಿಗೂ ಆದೀತು, ಬಟ್ಟೆ ಒಣಹಾಕಿಲ್ಲದಿದ್ದರೆ. ಇಷ್ಟಕ್ಕೆ ಇಷ್ಟೊಂದು ಮಾತು ಬೇಕಿತ್ತಾ ಅಂದರೆ, ಒಲೆಗಿಂತ ಜಾಸ್ತಿ ಆಸಕ್ತಿ ನನಗೆ ಆ ಏಳು ಮಿಲಿಲೀಟರಿನ ಲೆಕ್ಕದಲ್ಲಿದೆ. ಗಾಳಿ ತಡೆ ತೆಗೆದು ಒಮ್ಮೆ, ಇಟ್ಟು ಒಮ್ಮೆ ನೀರು ಕಾಯಿಸಿ ನೋಡಿ. ಆಮೇಲೆ ಮನೆಯ ಗ್ಯಾಸಿನ ಮೇಲೆ ಸಣ್ಣ ಪಾತ್ರೆ ಇಟ್ಟು ದೊಡ್ಡ ಉರಿ ಹಚ್ಚಲು ನಿಮಗೆ ಕೈ ಬರುವುದಿಲ್ಲ.

"ಕ್ಯಾನು ಮರುಬಳಕೆ ಆಯ್ತಲ್ಲ, ಪರಿಸರಕ್ಕೂ ಒಳ್ಳೆಯದಲ್ವಾ?" ಅನ್ನುವ ಪ್ರಶ್ನೆ ಪ್ರತಿ ಸಲ ಬರುತ್ತದೆ. ಅಷ್ಟೇನಿಲ್ಲ. ಅಲ್ಯೂಮಿನಿಯಂ ಕ್ಯಾನು ನಮ್ಮಲ್ಲಿ ಸುಮ್ಮನೆ ಬೀದಿಯಲ್ಲಿ ಬಿದ್ದಿರುವುದು ಅಪರೂಪ. ಆಯುವವರು ಆಯುತ್ತಾರೆ, ಗುಜರಿಯವರು ಕೊಳ್ಳುತ್ತಾರೆ, ಅದು ಕರಗಿ ಮತ್ತೆ ಲೋಹವಾಗುತ್ತದೆ. ಅದಿರಿನಿಂದ ಹೊಸದಾಗಿ ಮಾಡುವುದಕ್ಕೆ ಹೋಲಿಸಿದರೆ ಕರಗಿಸುವುದಕ್ಕೆ ಶೇಕಡಾ ಐದರಷ್ಟು ಶಕ್ತಿ ಸಾಕು. ಎರಡು ಕ್ಯಾನು ತಡೆದಿಟ್ಟು ನಾವು ಭೂಮಿ ಉಳಿಸಿದೆವು ಅಂದುಕೊಳ್ಳುವುದು ಬೇಡ. ಒಲೆ ಹಾಳಾದಾಗ ಮರೆಯದೆ ಗುಜರಿಗೆ ಹಾಕಿ.

ಕೊನೆಯ ಪ್ರಶ್ನೆ ಒಬ್ಬರು ಅಮ್ಮನವರದ್ದು. "ಇದರಲ್ಲಿ ಅನ್ನ ಆಗುತ್ತಾ?"

ಕಷ್ಟ ಅಮ್ಮ. ಅನ್ನಕ್ಕೆ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಬೇಕು, ಇದು ಇದ್ದಷ್ಟೂ ಜೋರಾಗಿ ಉರಿದು ಏಳೆಂಟು ನಿಮಿಷಕ್ಕೆ ಮುಗಿಯುತ್ತದೆ. ಎತ್ತರದ ಜಾಗದಲ್ಲಂತೂ ಕೇಳಲೇಬೇಡಿ, ಲೇಹ್‌ನಲ್ಲಿ ನೀರು 88 ಡಿಗ್ರಿಗೇ ಕುದಿಯುತ್ತದೆ, ಅಕ್ಕಿ ಬೇಯಲು ಇನ್ನೂ ಜಾಸ್ತಿ ಹೊತ್ತು ಬೇಕು. ಇದು ನೀರು ಕಾಯಿಸುವ ಒಲೆ. ಹುಣಸೆ, ಬೆಲ್ಲ, ಖಾರದ ಪುಡಿ ಬೆರೆಸಿದ ಗೊಜ್ಜವಲಕ್ಕಿ ಪುಡಿ ಕಟ್ಟಿಕೊಂಡು ಹೋಗಿ. ಒಂದು ಬಟ್ಟಲಿಗೆ ಮುಕ್ಕಾಲು ಬಟ್ಟಲು ಬಿಸಿನೀರು ಹಾಕಿ, ಮುಚ್ಚಿ, ಟವೆಲ್ ಸುತ್ತಿ ಐದು ನಿಮಿಷ ಬಿಡಿ. ಉಳಿದ ನೀರಿಗೆ ಟೀ ಸೊಪ್ಪು ಹಾಕಿಬಿಡಿ.